ಕೊನೆಯ ಸಾಲಿನ ಒಂದು ಹೂವು

ಅತ್ತಿಗೆಗೆ ನಮಸ್ಕಾರ. ತಲುಪಿದೆ, ಆರೋಗ್ಯವಾಗಿದ್ದೇನೆ. ಅಣ್ಣನ ಪೆಟ್ಟಿಗೆ, ಕನ್ನಡಕ ಕೈಗೆ ಬಂದವು. ಅವನು ಕೆಲಸ ಮಾಡುತ್ತಿದ್ದ ಹತ್ತಿ ಹೊಲವನ್ನೂ ನೋಡಿದೆ. ಬೀಜದಲ್ಲಿ ಎಣ್ಣೆ ಹೆಚ್ಚಲೆಂದು ಇಲ್ಲಿ ಒಂದು ಗಿಡದ ಹೂವಿಗೆ ಇನ್ನೊಂದರ ಪರಾಗ ಕೊಡುತ್ತಾರೆ. ಸಂಜೆ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಕಾಗದದ ಚೀಲ ಮುಚ್ಚಬೇಕು. ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಪರಾಗ ಹಚ್ಚಬೇಕು. ರೆಂಬೆಗೆ ಕಟ್ಟಿದ ಚೀಟಿಯಲ್ಲಿ ಎರಡೂ ಕೆಲಸಕ್ಕೆ ಬೇರೆ ಬೇರೆ ಸಹಿ.

ಅಣ್ಣ ತೀರಿಕೊಂಡ ದಿನದ ಹಿಂದಿನ ಸಂಜೆ ಮಾಡಿದ ಸಾಲಿನಲ್ಲಿ ಈಗ ಕಾಯಿ ಒಡೆದಿವೆ. ಸಂಜೆಯ ಸಹಿಗಳು ಅವನವು, ಬೆಳಿಗ್ಗೆಯವು ಪಕ್ಕದ ಸಾಲಿನಲ್ಲಿ ಕೆಲಸ ಮಾಡುವ ಹೆಂಗಸಿನವು. ಒಂದು ರೆಂಬೆಯಲ್ಲಿ ಮಾತ್ರ ಕಾಯಿಯಿಲ್ಲ, ಬರೀ ಚೀಟಿ. ಬೆಳಿಗ್ಗೆಯ ಜಾಗ ಖಾಲಿ. ಯಾಕೆಂದು ಆಕೆಯನ್ನೇ ಕೇಳಿದೆ.

“ಎದೆನೋವು ಅಂತ ನಿಮ್ಮಣ್ಣನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಹತ್ತು ಗಂಟೆಯೊಳಗೆ ಬಂದುಬಿಡ್ತಾರೆ ಅಂದ್ಕೊಂಡೆ. ಅವರ ಸಾಲನ್ನ ಬೇರೆಯವರು ಮುಗಿಸಿದ್ರೆ ಮುಖ ಊದಿಸ್ಕೊಳ್ತಿದ್ರು. ಅದಕ್ಕೇ ಒಂದು ಹೂವು ಅವರಿಗೆ ಅಂತ ಬಿಟ್ಟಿದ್ದೆ,” ಅಂದರು. ಅದು ಚೀಲದೊಳಗೇ ಬಾಡಿ ಉದುರಿತಂತೆ.

ಬೀಜ ಹೊರಗೆ ಕೊಡುವ ಹಾಗಿಲ್ಲ. ಆ ಚೀಟಿಯೊಂದನ್ನು ಕೇಳಿ ಪಡೆದು, ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಭಾನುವಾರ ಹೊರಡುತ್ತೇನೆ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಊಟಕ್ಕೆ ಕೂರುವಾಗ ಅಣ್ಣನ ತಟ್ಟೆಯನ್ನೂ ಹಾಕುತ್ತೀರೆಂದು ಹೋದ ವಾರ ನಿಮ್ಮ ಮೇಲೆ ರೇಗಿದ್ದೆ. ಇನ್ನು ರೇಗುವುದಿಲ್ಲ. ಹಾಕಿ.

ಕಾರ್ಡು ತುಂಬಿತು.
ನಿಮ್ಮ ಮೈದುನ