ಜೊಲ್ಲಿಲ್ಲದ ಬಾಯಿ

ಗುಂಡ್ಲುಪೇಟೆ, ೯-೧-೧೯೫೬

ಬೆಳಗ್ಗೆ ಆಸ್ಪತ್ರೆಯಲ್ಲಿ ಹದಿನೆಂಟು ಬಾಟಲಿ ಮಿಕ್ಸ್‌ಚರ್ ಕಟ್ಟಿದೆ. ಕಡೆಯದು ಮನೆಗೆ — ಹೆಂಡತಿ ಕರಿಬಸಮ್ಮನ ಹೊಟ್ಟೆನೋವಿಗೆ ಬೆಲ್ಲಡೋನಾ. ಎರಡು ವರ್ಷದಿಂದ ನಾನೇ ಕಟ್ಟುತ್ತಿದ್ದೇನೆ. ಹೊಟ್ಟೆ ಪರವಾಗಿಲ್ಲ. ಈಗ ಹಲ್ಲಿನ ರಗಳೆ. ಐದನೆಯದೂ ಕಪ್ಪಾಗಿದೆ. ಸೆರಗಿನ ಗಂಟಿನಲ್ಲಿ ಕಲ್ಲುಸಕ್ಕರೆ ಸಿಕ್ಕಿತು.

“ಬಾಯಿ ಒಣಗ್ತದೆ ಕಣ್ರೀ. ಚೀಪುದ್ರೆ ವಸಿ ತ್ಯಾವ ಆಯ್ತದೆ.”

ಸುಳ್ಳು. ತಿನ್ನುವ ಚಪಲ. ಬಚ್ಚಲಿಗೆ ಎಸೆದೆ.

೨೨-೧

ಅವ್ವ ಪಕ್ಕದ ಮನೆ ಚಿಕ್ಕಬಸಮ್ಮನಿಗೆ ಹೇಳುತ್ತಿದ್ದಳು: “ನಮ್ ಸೊಸೆ ಬಾಯಿ ಇರುವೆ ಗೂಡು ಕಣಮ್ಮಿ. ಸಕ್ರೆ ಕದ್ದು ಕದ್ದು ಅಲ್ಲುಗೆಲ್ಲ ಉಳ ಇಡುಸ್ಕಂಡವ್ಳೆ.”

ನಾನೂ ನಕ್ಕೆ. ಕರಿಬಸಮ್ಮ ಒಳಗೆ ರೊಟ್ಟಿ ತಟ್ಟುತ್ತಲೇ ಇದ್ದಳು.

ಚಾಮರಾಜನಗರ, ೧೪-೩

ಕರಿಬಸಮ್ಮನ ದವಡೆ ಊದಿದೆ, ಜ್ವರ. ಮೊದಲ ಬಸ್ಸಿಗೆ ಕರೆತಂದೆ. ಹಲ್ಲಿನ ಡಾಕ್ಟರ್ ಗೋವಿಂದಯ್ಯ ತಿಂಗಳಿಗೊಮ್ಮೆ ಮೈಸೂರಿನಿಂದ ಬರುತ್ತಾರೆ. ಹಲ್ಲಿಗೆ ಹುಳ ಹಿಡಿದಿದೆ ಎಂದೆ. ಕೆನ್ನೆಯೊಳಗೆ ಇಟ್ಟ ಪುಟ್ಟ ಕನ್ನಡಿ ಅಲ್ಲೇ ಅಂಟಿಕೊಂಡಿತು.

“ಹುಳ ಗಿಳ ಏನೂ ಇಲ್ಲ. ಬಾಯಲ್ಲಿರೋ ಕ್ರಿಮಿ ಸಕ್ಕರೆ ತಿಂದು ಆಸಿಡ್ ಬಿಡುತ್ತೆ. ಅದು ಹಲ್ಲು ಕರಗಿಸುತ್ತೆ. ಜೊಲ್ಲು ಅದನ್ನ ತೊಳೆಯುತ್ತೆ, ಹುಳಿ ಮುರಿಯುತ್ತೆ, ಕರಗಿದ ಸುಣ್ಣದಂಶ ಅಷ್ಟಿಷ್ಟು ವಾಪಸ್ ಕೊಡುತ್ತೆ. ಈಕೆಗೆ ಜೊಲ್ಲೇ ಇಲ್ಲ. ಏನಾದರೂ ಔಷಧಿ ತಗೋತಾರಾ?”

ಹೆಸರು ಹೇಳಿದೆ.

“ಬಾಯಿ ಒಣಗಿಸೋದೇ ಅದು! ಕಟ್ಟಿಕೊಟ್ಟೋನಿಗೆ ಗೊತ್ತಿರಲಿಲ್ವೆ?”

ಗೊತ್ತಿತ್ತು. ಕಂಪೌಂಡರ್ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಸರಿಯಾಗಿ ಬರೆದು ಪಾಸಾದವನು ನಾನು.

“ಯಾರೋ ಕೊಟ್ಟದ್ದು ಸಾರ್” ಎಂದೆ.

ಕರಿಬಸಮ್ಮ ನನ್ನನ್ನೇ ನೋಡುತ್ತಿದ್ದಳು. ಏಳು ಹಲ್ಲು ಕಿತ್ತರು.

ಗುಂಡ್ಲುಪೇಟೆ, ೧೯-೩, ಸಂಜೆ

ಐದು ದಿನ ಬರೆಯಲಾಗಲಿಲ್ಲ. ಔಷಧಿ ನಿಲ್ಲಿಸಿದ್ದೇನೆ. ಇವತ್ತು ಅವಳಿಗೆ ಹೇಳಿಬಿಟ್ಟೆ — ತಪ್ಪು ನನ್ನದು ಅಂತ. ಗಂಜಿ ಬಟ್ಟಲು ಕೆಳಗಿಟ್ಟಳು.

“ಓದ್ ವರ್ಸ ತೌರಲ್ಲಿ ಔಸ್ದಿ ಬುಟ್ಟಿದ್ದೆ. ಎಂಟೇ ದಿನಕ್ಕೆ ಬಾಯಲ್ಲಿ ನೀರೂರ್ತು. ಬಂದು ಯೋಳ್ದೆ. ‘ಕಂಪೌಂಡರ್ ನೀನಾ, ನಾನಾ’ ಅಂದ್ರಿ.”

ಅಂದಿದ್ದೆ.

“ನಂಗ್ಯಾಕ್ ಯೋಳೀರಿ? ನಂಗೊತ್ತು. ನಿಮ್ಮವ್ವಂಗ್ ಯೋಳಿ.”

ಅವ್ವ ಜಗಲಿಯಲ್ಲಿದ್ದಾಳೆ, ಜೊತೆಗೆ ನಾಲ್ಕು ಜನ ಹೆಂಗಸರು. ಕರಿಬಸಮ್ಮ ಬಾಗಿಲಿಗೆ ಒರಗಿ ಕಾಯುತ್ತಿದ್ದಾಳೆ. ನಾನಿಲ್ಲಿ ಪೆನ್ನು ಹಿಡಿದು ಕೂತು…

“ಬತ್ತೀರಾ?”

ಬಂದೆ ಅಂದೆ. ಇನ್ನೊಂದು ಸಾಲು ಬರೆದು —