ಹಸಿ ದಿಂಡಲಕ್ಕೆ ಒತ್ತಿದ ಮುದ್ರೆ

ಕಟ್ಟಡಗಳ ಕಟ್ಟಿಗೆಗೆ ಪ್ರಮಾಣಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಮುದ್ರೆ ಹೊತ್ತ ದಿಂಡಲ ಮರದ ತೊಲೆ ಬನಹಟ್ಟಿಯಲ್ಲಿ ಒಬ್ಬ ನೇಕಾರನನ್ನು ಕೊಂದಿದೆ. ಅದೇ ಮುದ್ರೆಯ, ಇನ್ನೂ ರಸ ಆರದ ಎಂಟು ತೊಲೆಗಳು ಈಗ ನಮ್ಮ ಮಕ್ಕಳ ಹೊಸ ಸಾಲೆಯ ಗೋಡೆ ಏರಿ ಕುಳಿತಿವೆ. ಸೋಮವಾರ ಅವುಗಳ ಮೇಲೆ ಮಾಳಿಗೆಯ ಮಣ್ಣು ಹೇರಬೇಕೆಂದು ತಮ್ಮ ಆಜ್ಞೆ. ಯಾರ ತಲೆಯ ಮೇಲೆ, ಮಹಾಸ್ವಾಮಿ?

ಸಾಗವಾನಿ ತುಟ್ಟಿಯಾಯಿತು, ಕಾಡಿನ ಬೇರೆ ಮರಗಳನ್ನೂ ಪರೀಕ್ಷಿಸಿ ಬಳಸಬೇಕು ಎಂದಿರಿ. ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಎರಡು ವರ್ಷದ ಹಿಂದೆ ತಮ್ಮ ದಿಂಡಲದ ತೊಲೆ ಹಾಕಿದ ನೇಕಾರರ ಮಗ್ಗದ ಮನೆಯ ಉದ್ಘಾಟನೆಯಲ್ಲಿ, ಕಂಪನಿ ನಾಟಕಗಳಲ್ಲಿ ಪಳಗಿದ ಈ ಗಂಟಲಿನಿಂದ ತಮ್ಮ ಕೀರ್ತಿಯನ್ನು ನಾನೇ ಮೊಳಗಿಸಿದೆ. ಆಗ ಬಡಗಿ ಮುದಕಪ್ಪ, ಮರ ಕೆತ್ತುವ ಬಾಚಿ ಕೈಯಲ್ಲೇ ಹಿಡಿದು, ಎದ್ದು ನಿಂತ.

"ದಿಂಡಲ ಬಂಡಿ ಅಚ್ಚಿಗೆ ಛಲೋ ಐತ್ರಿ. ಆದ್ರ ಇದು ಹಸಿ ಐತಿ. ಇಳಿಸಿ ನೆರಳಾಗ ಒಣಗಲಿಕ್ಕೆ ಬಿಡ್ರಿ. ಹಸಿ ಇದ್ದಾಗ ಮಣ್ಣ ಹೊತ್ರ ಸೀಳತೈತಿ."

"ಲೇ ಮುದಕಪ್ಪಾ, ಸರಕಾರಕ್ಕಿಂತ ನಿನ್ನ ಬಾಚಿ ಶಾಣ್ಯಾ ಆತೇನೋ?" ಎಂದೆ. ಸಭೆಯೆಲ್ಲ ಘೊಳ್ಳೆಂದು ನಕ್ಕಿತು.

"ಬಾಚಿ ಭಾಷಣ ಮಾಡೂದಿಲ್ರಿ," ಎಂದು ಅವನು ಹೊರಟುಹೋದ.

ತಾವು ಪರೀಕ್ಷಿಸಿದ್ದು ಗೇಣುದ್ದದ ಒಣ ತುಂಡನ್ನು. ಕಳಿಸಿದ್ದು ಹಸಿ ತೊಲೆಯನ್ನು. ತಮ್ಮ ಲೆಕ್ಕದಲ್ಲಿ ಮಾಳಿಗೆಯ ಭಾರ ಕಟ್ಟಿದ ದಿನದ್ದು. ಇಲ್ಲಿಯ ರೂಢಿ ಬೇರೆ: ಸೋರಬಾರದೆಂದು ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಬೀಳುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ಯಾವ ಊರಿನ ಮಾಳಿಗೆ ಹತ್ತಿದರೂ ಇದು ಕಾಣುತ್ತದೆ. ಹತ್ತಲಿಕ್ಕೆ ಏಣಿ ಬೇಕು, ಅಷ್ಟೇ. ತಮ್ಮ ಕಚೇರಿಯಲ್ಲಿ ಏಣಿ ಇಲ್ಲವೇ?

ಈ ಶ್ರಾವಣದಲ್ಲಿ ನಾಲ್ಕು ದಿನ ಜಡಿಮಳೆ. ಐದನೆಯ ದಿನ ಮಧ್ಯಾಹ್ನ ಮಗ್ಗದ ಮನೆಯ ತೊಲೆ ಉದ್ದಕ್ಕೆ ಸೀಳಿತು. ಉಳಿದವರು ಓಡಿದರು. ನೇಕಾರ ನಿಂಗಣ್ಣ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಏಳುವಷ್ಟರಲ್ಲಿ ಎರಡು ವರ್ಷದ ಮಣ್ಣು ಅವನ ಮೇಲಿತ್ತು. ಅಗೆದು ತೆಗೆದಾಗ ಕೈಯಲ್ಲಿ ಲಾಳಿ ಇನ್ನೂ ಬಿಗಿಯಾಗಿತ್ತು. ತಮ್ಮ ಕಚೇರಿಯ ವರದಿ ಬಂತು: "ಬಳಕೆದಾರರು ಮಿತಿಮೀರಿ ಮಣ್ಣು ಹೇರಿದ್ದಾರೆ." ಧನ್ಯೋಸ್ಮಿ! ಸತ್ತವನೇ ಅಪರಾಧಿ.

ಅವನ ಹೆಂಡತಿ ಶಿವವ್ವ ನನ್ನ ಬಾಗಿಲಿಗೆ ಬಂದಿದ್ದಳು. ಅಳಲಿಲ್ಲ.

"ಅವತ್ತ ಸಭಾದಾಗ ಬಡಗ್ಯಾರ ಮಾತ ಕೇಳಿ ಅಂವಾ ಆ ಮಗ್ಗ ಬ್ಯಾಡಂತ ಏಳಾಕತ್ತಿದ್ದರಿ. ನೀವು ನಗಿಸಿದ್ರಿ. ಅಂವಾನೂ ನಕ್ಕು ಕುಂತ."

ನಗಿಸಿದ್ದು ಈ ಗಂಟಲೇ. ನನ್ನ ಪಾಲಿನ ಪಾಪ ನನಗಿರಲಿ. ತಮ್ಮ ಪಾಲಿನದನ್ನು ಯಾರಿಗೆ ರವಾನಿಸುತ್ತೀರಿ?

ನಮ್ಮ ಬೇಡಿಕೆ ಒಂದೇ. ಎಂಟು ತೊಲೆಗಳನ್ನೂ ಕೆಳಗಿಳಿಸಿ. ಒಂದನ್ನು ಎರಡು ಕಟ್ಟೆಗಳ ಮೇಲಿಟ್ಟು, ಐದು ವರ್ಷದ ಹಸಿ ಮಣ್ಣಿನ ಭಾರ ಹೇರಿ, ಹದಿನೈದು ದಿನ ಊರಿನ ಎದುರಿಗೆ ಬಿಡಿ. ಅಳತೆ ಹಿಡಿಯಲು ಮುದಕಪ್ಪನನ್ನು ಕರೆಯಿರಿ. ತೊಲೆ ಭಾರ ತಡೆದರೆ ಸಾಲೆ ಕಟ್ಟಿ. ಸೀಳಿದರೆ ಮುದ್ರೆ ಹಿಂತೆಗೆಯಿರಿ. ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ಮೇಲೆ ಹೋಗದು.

ಇಂತಿ,
ಸಾಲೆಯ ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕುಳಿತಿರುವ,
ಲಗಮಣ್ಣ, ಬನಹಟ್ಟಿ