ಕೊಡ್ತೀವಿ ಅಂದದ್ದು ಕೇಳಿಸಿದೆ

ಸಿಬ್ಬಂದಿ ವಸತಿಗೃಹ, ಮೂರನೇ ಮಹಡಿ
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಇದೊಂದು ಪದ ಬರೆದು ಕಾಲು ಗಂಟೆ ಸುಮ್ಮನೆ ಕೂತಿದ್ದೆ. ನಿಮಿಷಕ್ಕೆ ನೂರೈವತ್ತು ಪದ ಬರೆಯುವ ಕೈ ಇದು, ನೋಡು! ನಿನ್ನ ಸೊಂಟ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಡ್ಯೂಟಿ ಡ್ಯೂಟಿ ಅಂತ ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯಾ? ಅಳಿಯಂದಿರು ಚೆನ್ನಾಗಿದ್ದಾರೆಯೇ? ಆಂಬುಲೆನ್ಸ್ ಓಡಿಸುವವರಿಗೆ ನಿಧಾನಕ್ಕೆ ಹೋಗಿ ಎಂದು ಹೇಳುವ ಹಾಗಿಲ್ಲ. ಹುಷಾರಾಗಿ ಹೋಗಲಿ. ಮತ್ತೆ, ಮಗು ಹೇಗಿದೆ? ರಾತ್ರಿ ನಿದ್ದೆ ಮಾಡಲು ಬಿಡುತ್ತಾಳಾ? ನೀನಂತೂ ಬಿಡುತ್ತಿರಲಿಲ್ಲ.

ಅಮ್ಮನಿಗೆ ಮಗುವಿನ ವಿಷಯ ಹೇಗೆ ಗೊತ್ತಾಯಿತು ಎಂದು ನಿನಗೆ ಆಶ್ಚರ್ಯವಾಗಬಹುದು. ಹೇಳುತ್ತೇನೆ, ಅದಕ್ಕೇ ಈ ಕಾಗದ. ಅದಕ್ಕೂ ಮೊದಲು ನನ್ನ ವಿಷಯ. ಆರೋಗ್ಯವಾಗಿದ್ದೇನೆ. ನಿಮ್ಮಪ್ಪ ಹೋದ ಮೇಲೆ ಈ ಮನೆಯಲ್ಲಿ ಮಾತು ನಿಂತಿತ್ತು, ನೀನು ಹೋದ ಮೇಲೆ ಸದ್ದೂ ನಿಂತಿತು. ಭಾನುವಾರ ಬಂತೆಂದರೆ ಹಾಲಿನವನಿಗೆ ಒಂದು ‘ಸಾಕು’ ಅಂದದ್ದೇ ನನ್ನ ಇಡೀ ದಿನದ ಮಾತು. ಪಕ್ಕದ ಮನೆಯ ಗಂಡ ಹೆಂಡತಿ ಜಗಳಕ್ಕೆ ಬಿದ್ದರೆ ಗೋಡೆಯಾಚೆಯಿಂದ ಕೇಳಿಸುತ್ತದೆ. ನಿನಗೆ ನಗು ಬರಬಹುದು, ನನ್ನ ತೋರುಬೆರಳು ತಾನಾಗಿಯೇ ತೊಡೆಯ ಮೇಲೆ ಅದನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತದೆ. ಹೆಂಡತಿ ಒಳ್ಳೆಯ ವಾಗ್ಮಿ. ಗಂಡನದು ಬರೀ ಅಡಚಣೆ.

ಬುಧವಾರ ಸದನದಲ್ಲಿ ಬಜೆಟ್ಟಿನ ಮೇಲೆ ಆರೋಗ್ಯ ಇಲಾಖೆಯ ಚರ್ಚೆ. ಸದನದ ಮಾತನ್ನು ಅಕ್ಷರ ಬಿಡದೆ ಬರೆದುಕೊಳ್ಳುವ ನಮ್ಮ ವರದಿಗಾರರ ಮೇಜು ಸಭಾಧ್ಯಕ್ಷರ ಪೀಠದ ಕೆಳಗೇ ಇರುವುದು ನಿನಗೆ ಗೊತ್ತು. ಹತ್ತು ಹತ್ತು ನಿಮಿಷ ಒಬ್ಬೊಬ್ಬರು ಕೂತು ಬರೆದುಕೊಂಡು ಎದ್ದು ಹೋಗುತ್ತೇವೆ, ತಲೆ ಎತ್ತುವಂತಿಲ್ಲ, ನಗುವಂತಿಲ್ಲ. ಈ ಸಲದ ಸರ್ಕಾರ ನಿಂತಿರುವುದೇ ಆರು ಜನರ ಒಂದು ಪುಟ್ಟ ಪಕ್ಷದ ಬಲದ ಮೇಲೆ. ಅದರ ಮುಖಂಡರನ್ನು ನಾವು ‘ಮೇಷ್ಟ್ರು’ ಎಂದು ಕರೆಯುತ್ತೇವೆ. ಹಿಂದೆ ಶಾಲೆಯಲ್ಲಿದ್ದವರು, ಈಗಲೂ ಉಕ್ತಲೇಖನ ಕೊಡುವ ಹಾಗೆ ನಿಧಾನವಾಗಿ ಮಾತಾಡುತ್ತಾರೆ. ಅವರು ಇಲಾಖೆಯ ಅನುದಾನಕ್ಕೆ ಕಡಿತದ ಸೂಚನೆ ಮಂಡಿಸಿದ್ದರು. ಅದು ಮತಕ್ಕೆ ಹೋಗಿ ಗೆದ್ದರೆ ಸರ್ಕಾರದ ಕಥೆ ಮುಗಿದಂತೆಯೇ. ಹನ್ನೊಂದೂ ನಲವತ್ತಕ್ಕೆ ನಾನು ಹೋಗಿ ಕೂತಾಗ ಅವರು ಗುತ್ತಿಗೆ ನರ್ಸುಗಳ ಮನವಿಯೊಂದನ್ನು ಓದುತ್ತಿದ್ದರು. ಹೆರಿಗೆಯಾದ ಹತ್ತೊಂಬತ್ತನೇ ದಿನ ಒಬ್ಬ ನರ್ಸ್ ಕೆಲಸಕ್ಕೆ ಮರಳಿದಳು, ಗುತ್ತಿಗೆಯವರಿಗೆ ರಜೆ ಇಲ್ಲ. ಎದೆಹಾಲು ಸಮವಸ್ತ್ರಕ್ಕೆ ಇಳಿಯುತ್ತಿತ್ತು, ಏಪ್ರನ್ನಿನಿಂದ ಮುಚ್ಚಿಕೊಂಡು ಬೇರೆಯವರ ಮಕ್ಕಳಿಗೆ ಚುಚ್ಚುಮದ್ದು ಕೊಟ್ಟಳು, ತನ್ನ ಹೆಣ್ಣುಮಗು ಮಾತ್ರ ಪಕ್ಕದ ಮನೆಯಲ್ಲಿ ಬಾಟಲಿ ಹಾಲು ಕುಡಿಯಿತು. ಇಷ್ಟನ್ನೂ ನನ್ನ ಕೈ ಒಂದು ಗೆರೆ ತಪ್ಪದೆ ಬರೆದುಕೊಂಡಿತು. ನನ್ನ ಮನಸ್ಸಿನಲ್ಲಿ ಬಂದದ್ದು ಒಂದೇ ಮಾತು: ಪಾಪ, ಯಾರ ಮಗಳೋ.

ಆಮೇಲೆ ಟೈಪಿಂಗ್ ಕೋಣೆಗೆ ಬಂದು, ಓದಿದ ಮಾತಿಗೂ ಮೂಲಕ್ಕೂ ತಾಳೆ ನೋಡಲು ಮನವಿಯ ಪ್ರತಿ ತರಿಸಿಕೊಂಡೆ. ಕೈಬರಹ. ‘ಳ’ ಅಕ್ಷರದ ಬಾಲವನ್ನು ಮೇಲಕ್ಕೆ ಎಳೆಯಬೇಡ ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ? ಹದಿನೇಳು ಕಡೆ ಎಳೆದಿದ್ದೀಯೆ. ಮೇಷ್ಟ್ರು ‘ಒಬ್ಬ ನರ್ಸ್’ ಎಂದು ಓದಿದ ಕಡೆ ನೀನು ‘ನಾನು’ ಎಂದು ಬರೆದಿದ್ದೆ, ಹೆರಿಗೆಯ ತಾರೀಕೂ ಇತ್ತು. ಕೊನೆಯ ಪುಟದಲ್ಲಿ ಮೊದಲ ಸಹಿ ನಿನ್ನದು, ಕೆಳಗೆ ವಿಳಾಸ. ನಾನು ಅಜ್ಜಿಯಾಗಿ ಎರಡು ತಿಂಗಳಾದ ಸುದ್ದಿಯನ್ನು ಸದನದ ನೂರೆಂಬತ್ತು ಜನರ ಜೊತೆಯಲ್ಲಿ ಕೇಳಿದೆ ಗುಬ್ಬಿ, ಅವರೆಲ್ಲರಿಗಿಂತ ತಡವಾಗಿ ಅರ್ಥಮಾಡಿಕೊಂಡೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಆಮೇಲೆ ಬಂದು ಟೈಪ್ ಮಾಡಿ ಮುಗಿಸಿದೆ. ಇನ್ನೇನು ಮಾಡಲಿ?

ನೀನು ನನ್ನನ್ನು ಕರೆಯಲಿಲ್ಲ ಎಂದು ಆಕ್ಷೇಪಣೆ ಮಾಡುತ್ತಿಲ್ಲ. ಎರಡು ವರ್ಷದ ಹಿಂದೆ ನೀವು ನರ್ಸುಗಳೆಲ್ಲ ಸದನದ ಗೇಟಿನ ಮುಂದೆ ಬಿಸಿಲಲ್ಲಿ ಧರಣಿ ಕೂತಿದ್ದಿರಿ, ನಾನು ಗುರುತಿನ ಚೀಟಿ ಹಿಡಿದು ನಿನ್ನ ಪಕ್ಕದಲ್ಲೇ ದಾಟಿಹೋದೆ. ಸದನದ ನೌಕರರು ಯಾರ ಪಕ್ಷವೂ ಅಲ್ಲ ಎಂಬ ನಿಯಮ ನನಗೆ ಆವತ್ತು ಬಹಳ ದೊಡ್ಡದಾಗಿ ಕಂಡಿತ್ತು. ‘ಒಂದು ಲೋಟ ನೀರಾದ್ರೂ ಬೇಕಾ ಅಂತ ಕೇಳಬಹುದಿತ್ತಲ್ಲಮ್ಮಾ’ ಅಂದೆ ನೀನು ಮನೆಗೆ ಬಂದು. ನಾನು ನಿಯಮ ಹೇಳಿದೆ. ನೀನು ಬಟ್ಟೆ ಜೋಡಿಸಿಕೊಂಡೆ. ಕೇಳಬಹುದಿತ್ತು ಮಗಳೇ. ನೀರು ಯಾವ ಪಕ್ಷದ್ದೂ ಅಲ್ಲ.

ಬುಧವಾರಕ್ಕೇ ಬರುತ್ತೇನೆ. ಊಟದ ಹೊತ್ತಿನಲ್ಲಿ ಸಭಾಧ್ಯಕ್ಷರ ಕೊಠಡಿಯೊಳಗೆ ಮೇಷ್ಟ್ರು ಮತ್ತು ಆರೋಗ್ಯ ಸಚಿವರ ನಡುವೆ ಚೌಕಾಸಿ ನಡೆಯಿತು. ಕಾಫಿ ಒಯ್ದವರಿಂದ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತು. ನೌಕರಿ ಕಾಯಂ ಮಾಡಿ ಎಂಬ ಬೇಡಿಕೆಯನ್ನು ಮೇಷ್ಟ್ರು ಬಿಡುವುದು, ಬದಲಿಗೆ ಸಚಿವರು ಹೆರಿಗೆ ರಜೆ ಘೋಷಿಸುವುದು. ನಾಲ್ಕು ಗಂಟೆಗೆ ಮತ್ತೆ ನನ್ನ ಸರದಿ. ಸಚಿವರು ಎದ್ದು ನಿಂತರು. ಅವರಿಗೆ ನಾವಿಟ್ಟ ಹೆಸರು ‘ನುಂಗಣ್ಣ’. ಪ್ರತಿ ವಾಕ್ಯದ ಕೊನೆಯನ್ನು ನುಂಗುತ್ತಾರೆ. ನಮ್ಮ ಭಾಷೆಯಲ್ಲಿ ಮಾಡುತ್ತೇವೋ ಇಲ್ಲವೋ ಎಂಬುದು ಇರುವುದೇ ಕೊನೆಯಲ್ಲಿ, ಅವರ ಚಾಲಾಕಿತನವೂ ಅದೇ. ಅಷ್ಟರಲ್ಲಿ ಎದುರಿನವರು ಎದ್ದು ಗಲಾಟೆ ಶುರುಮಾಡಿದರು, ಧ್ವನಿಮುದ್ರಣದಲ್ಲಿ ಬರೀ ಗದ್ದಲವೇ ತುಂಬಿಕೊಂಡಿದೆ. ಆದರೆ ನಾನು ಅವರಿಂದ ಆರು ಅಡಿ ದೂರದಲ್ಲಿದ್ದೆ. ‘ಮುಂದಿನ ತಿಂಗಳಿಂದ ಗುತ್ತಿಗೆ ನರ್ಸುಗಳಿಗೂ ಆರು ತಿಂಗಳು ಹೆರಿಗೆ ರಜೆ, ಸಂಬಳದ ಸಮೇತ, ಕೊಡ್ತೀವಿ’ ಅಂದರು. ಕೊಡ್ತೀವಿ. ಆವತ್ತು ನುಂಗಲಿಲ್ಲ. ಮೇಷ್ಟ್ರು ಸೂಚನೆ ಹಿಂದಕ್ಕೆ ಪಡೆದರು, ಅನುದಾನ ಪಾಸಾಯಿತು, ಸರ್ಕಾರ ಉಸಿರು ಬಿಟ್ಟಿತು.

ಗುರುವಾರ ನಮ್ಮ ಮುಖ್ಯ ವರದಿಗಾರರು ನನ್ನನ್ನು ಕರೆದರು. ಕೆಟ್ಟ ಮನುಷ್ಯರಲ್ಲ, ನಿಮ್ಮಪ್ಪ ಹೋದಾಗ ಮೂರು ದಿನ ನನ್ನ ಪಾಳಿಯನ್ನೂ ಅವರೇ ಮಾಡಿದ್ದರು. ಮೇಜಿನ ಮೇಲೆ ಸಚಿವರ ಕಚೇರಿಯಿಂದ ಬಂದ ತಿದ್ದುಪಡಿ ಇತ್ತು. ‘ಕೊಡುತ್ತೇವೆ’ ಹೊಡೆದುಹಾಕಿ ‘ಕೊಡುವ ಬಗ್ಗೆ ಪರಿಶೀಲಿಸುತ್ತೇವೆ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಭಾಷಣ ಮಾಡಿದವರು ವ್ಯಾಕರಣ ತಿದ್ದಬಹುದು, ಅರ್ಥ ತಿದ್ದುವಂತಿಲ್ಲ. ನನ್ನ ಸಹಿ ಬೀಳದೆ ಪುಟ ಬದಲಾಗದು. ‘ಅವರು ನುಂಗೋದು ನಿಮಗೇ ಗೊತ್ತಲ್ಲ, ಗಲಾಟೇಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ’ ಅಂದರು. ಕೇಳಿಸಿದೆ ಅಂದೆ. ಅವರು ಧ್ವನಿ ತಗ್ಗಿಸಿದರು. ‘ಆ ಮನವೀಲಿ ಮೊದಲನೇ ಸಹಿ ಯಾರದು ಅಂತ ಮೇಲಿನವರು ಇನ್ನೂ ನೋಡಿಲ್ಲ. ನೋಡಿದ್ರೆ ನೀವು ಮಗಳಿಗೋಸ್ಕರ ಬರೆದ್ರಿ ಅಂತಾರೆ. ಆರು ತಿಂಗಳಿದೆ ನಿಮ್ಮ ಸರ್ವೀಸು, ಯಾಕಮ್ಮ ಬೇಕು?’

ಆ ಮಾತು ನನ್ನೊಳಗೆ ನಾಟಿತು. ಯಾಕೆಂದರೆ ನಾಲ್ಕು ಗಂಟೆಗೆ ಕೂತಾಗ ನನಗೆ ಎಲ್ಲವೂ ಗೊತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಒಬ್ಬರ ಬಾಯಿಂದ ಇಂಥದೇ ಮಾತು ಬರಲಿ ಎಂದು ಆಸೆಪಟ್ಟಿದ್ದೆ. ಕೇಳಿದೆನೋ, ಬಯಸಿದೆನೋ? ನೋಟ್‌ಬುಕ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದೆ. ಗೆರೆ ಸ್ಪಷ್ಟವಾಗಿತ್ತು, ಆದರೆ ಅದು ನನ್ನದೇ ಕೈ. ನಂಬಲಾಗಲಿಲ್ಲ. ಕೆಳಗಿನ ಸಾಲು ಓದಿದೆ. ಸಚಿವರ ಮಾತಿನ ಬೆನ್ನಿಗೇ ಮೇಷ್ಟ್ರು ಎದ್ದು ಹೇಳಿದ್ದರು: ‘ಕೊಡ್ತೀವಿ ಅಂದ್ರಲ್ಲ, ಅಷ್ಟು ಸಾಕು. ನನ್ನ ಸೂಚನೆ ವಾಪಸ್ ತಗೋತೀನಿ.’ ಅದೂ ನನ್ನದೇ ಕೈ, ಆದರೆ ಸೂಚನೆ ವಾಪಸಾದದ್ದನ್ನು ಇಡೀ ಸದನ ನೋಡಿದೆ. ಪರಿಶೀಲಿಸುತ್ತೇವೆ ಎಂದಿದ್ದರೆ ಆ ಮನುಷ್ಯ ವಾಪಸ್ ತಗೊಳ್ಳುವವರಲ್ಲ. ಹಿಂದಿರುಗಿ ಬಂದು ಆ ಸಾಲನ್ನು ತೋರಿಸಿದೆ, ತಿದ್ದುಪಡಿಗೆ ಸಹಿ ಹಾಕುವುದಿಲ್ಲ ಅಂದೆ. ಮುಖ್ಯ ವರದಿಗಾರರು ತಿದ್ದುಪಡಿಯ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ನಾನು ಬರೆದ ಪುಟವೇ ಸದನದ ಗ್ರಂಥಾಲಯಕ್ಕೆ ಹೋಯಿತು.

ಶುಕ್ರವಾರ ಆದೇಶ ಬಂತು. ನಾಳೆಯಿಂದ ನನಗೆ ನೆಲಮಾಳಿಗೆಯ ಹಳೆಯ ಕಡತಗಳ ಕೋಣೆ. ಬೈಗುಳವಿಲ್ಲ, ಶಿಕ್ಷೆ ಎಂಬ ಪದವಿಲ್ಲ, ‘ಆಡಳಿತದ ಹಿತದೃಷ್ಟಿಯಿಂದ’ ಅಷ್ಟೇ. ಸಂಜೆ ಒಬ್ಬಳೇ ಹೋಗಿ ನೋಡಿ ಬಂದೆ. ಒಂದು ಮೇಜು, ಒಂದು ದೀಪ, ಛಾವಣಿಯವರೆಗೂ ಕಟ್ಟುಗಳು. ದಿನವೆಲ್ಲ ಬೇರೆಯವರ ಮಾತಿನಲ್ಲಿ ಬದುಕಿದವಳಿಗೆ ಅಲ್ಲಿ ಮಾತಾಡುವವರೇ ಇಲ್ಲ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಪಶ್ಚಾತ್ತಾಪ ಪಡಲಿಲ್ಲ, ಅದೂ ಸುಳ್ಳಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಮಗುವಿನ ಹೆಸರು ಬರಿ, ಮನವಿಯಲ್ಲಿ ಅದಿರಲಿಲ್ಲ. ಕತ್ತು ನಿಂತಿದೆಯಾ ಎಂದು ಬರಿ. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನಿಮ್ಮ ಮೂವರಿಗೂ ಒಳ್ಳೆಯದಾಗಲಿ, ಕಂದನ ಹಣೆಗೆ ನನ್ನದೊಂದು ಮುತ್ತು.

ಇಂತಿ,
ನಿನ್ನ ಅಮ್ಮ

ತಾ.ಕ.: ಭಾನುವಾರವೂ ತೆರೆದಿರುವ ರೈಲು ನಿಲ್ದಾಣದ ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಸರಿಯಾಗಿ ಓದಿಕೊ. ನಾನು ಆ ಮೇಜಿನಲ್ಲಿ ಇಲ್ಲದ ಮೇಲೆ ಇನ್ನೊಬ್ಬರಿಂದ ಸಹಿ ಹಾಕಿಸಿ ಪುಟ ಬದಲಾಯಿಸಬಹುದು, ಅದಕ್ಕೆ ಅವರಿಗೆ ಹದಿನೈದು ದಿನ ಇದೆ. ಅದಕ್ಕೆ ಮುಂಚೆ ದೃಢೀಕೃತ ಪ್ರತಿ ಹೊರಗೆ ಹೋದರೆ ಯಾರೂ ಏನೂ ಮಾಡಲಾರರು. ಈ ಕಾಗದ ಕೈಗೆ ಬಂದ ದಿನವೇ ನಿಮ್ಮ ಸಂಘದವರು ಗ್ರಂಥಾಲಯದ ಕೌಂಟರಿನಲ್ಲಿ ಅರ್ಜಿ ಕೊಡಿ, ಯಾವ ನಾಗರಿಕರಾದರೂ ಕೇಳಬಹುದು. ಬುಧವಾರದ ನಡಾವಳಿ, ಪುಟ ೨೧೪, ಸಚಿವರ ಮಾತು ಮತ್ತು ಮೇಷ್ಟ್ರ ಉತ್ತರ, ಎರಡೂ ಅದರಲ್ಲೇ ಇವೆ. ಅರ್ಜಿಯಲ್ಲಿ ‘ವರದಿ ಮಾಡಿದವರು’ ಎಂಬ ಜಾಗ ಖಾಲಿ ಬಿಡಬೇಡ, ನನ್ನ ಹೆಸರು ಬರಿ. ಅವರು ನಿಮಗೇನಾಗಬೇಕು ಎಂದು ಯಾರಾದರೂ ಕೇಳಿದರೆ, ನಮ್ಮಮ್ಮ ಅಂತ ಗಟ್ಟಿಯಾಗಿ ಹೇಳು.